ಎಂಜಿನ್ನಿನ ಶಕ್ತಿ ಅಳೆಯುವ ಡೈನಮೋಮೀಟರ್: ಕೊಳ್ಳುವ ಮುನ್ನ

ರಿಪೇರಿಯಾದ ಪಂಪ್‌ಸೆಟ್ ಎಂಜಿನ್ನು ಅಂಗಡಿಯ ಮುಂದೆ ಹೊರೆಯಿಲ್ಲದೆ ಚೆನ್ನಾಗಿಯೇ ಓಡುತ್ತದೆ. ತೋಟಕ್ಕೆ ತಂದು ಪಂಪಿಗೆ ಜೋಡಿಸಿದೊಡನೆ ಕಪ್ಪು ಹೊಗೆ ಉಗುಳಿ ನಿಂತರೆ, ತಪ್ಪು ಪಂಪಿನದೋ ಎಂಜಿನ್ನಿನದೋ ಎಂಬ ಜಗಳ ಶುರುವಾಗುತ್ತದೆ. ಅದನ್ನು ಬಗೆಹರಿಸುವ ಉಪಕರಣವೇ ಡೈನಮೋಮೀಟರ್. ಊರಿನಲ್ಲಿ ಸಣ್ಣ ಕಾರ್ಯಾಗಾರ ನಡೆಸುವ, ಇಲ್ಲವೆ ಐ.ಟಿ.ಐ. ಮುಗಿಸಿದ ಮಗನಿಗೆ ಇಟ್ಟುಕೊಡಲಿರುವ ರೈತ ಬಾಂಧವರು ಇದನ್ನು ಕೊಳ್ಳುವಾಗ “ಎಷ್ಟು ಅಶ್ವಶಕ್ತಿಯವರೆಗೆ ಅಳೆಯುತ್ತದೆ?” ಎಂದಷ್ಟೇ ಕೇಳಿದರೆ ಸಾಲದು. ಎಷ್ಟು ವೇಗದಲ್ಲಿ ಎಂದೂ ಕೇಳಬೇಕು.

ಏಕೆಂದರೆ ಈ ಉಪಕರಣ ನೇರವಾಗಿ ಅಳೆಯುವುದು ತಿರುಗುಬಲವನ್ನು. ಅದನ್ನು ಕೆ.ಜಿ.-ಮೀಟರಿನಲ್ಲಿ ತೆಗೆದುಕೊಂಡು, ನಿಮಿಷದ ಸುತ್ತುಗಳಿಂದ ಗುಣಿಸಿ, 716ರಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ. 1500 ಸುತ್ತಿನ 5 ಅಶ್ವಶಕ್ತಿಯ ಎಂಜಿನ್ನಿಗೆ ಇದು ಸುಮಾರು 2.4 ಕೆ.ಜಿ.-ಮೀಟರ್. 650 ಸುತ್ತಿನ, 6 ಅಶ್ವಶಕ್ತಿಯ ಹಳೆಯ ಲಿಸ್ಟರ್ ಮಾದರಿಗೆ 6.6. ಶಕ್ತಿ ಹೆಚ್ಚುಕಡಿಮೆ ಒಂದೇ ಆದರೂ ತಡೆಯಬೇಕಾದ ಬಲ ಎರಡೂವರೆ ಪಟ್ಟಿಗೂ ಮೇಲು! 35 ಅಶ್ವಶಕ್ತಿಯ ಟ್ರಾಕ್ಟರನ್ನು ಪಿ.ಟಿ.ಓ.ದ 540 ಸುತ್ತಿನಲ್ಲಿ ಪರೀಕ್ಷಿಸಲು 46 ಕೆ.ಜಿ.-ಮೀಟರ್ ಬೇಕು, ಅದಕ್ಕೆ ಬೇರೆಯದೇ ಉಪಕರಣ. ಎರಡಕ್ಕೂ ಒಂದೇ ಇರಲಿ ಎಂದು ದೊಡ್ಡದನ್ನು ಕೊಂಡರೆ, ಪಂಪ್‌ಸೆಟ್ಟಿನ ಅಳತೆ ಮುಳ್ಳಿನ ಬುಡದಲ್ಲೇ ಅಲ್ಲಾಡಿ ನಂಬಿಕೆಗೆ ಬಾರದು. ನಿಮ್ಮಲ್ಲಿಗೆ ಹೆಚ್ಚಾಗಿ ಬರುವ ಎಂಜಿನ್ ಯಾವುದೋ ಅದಕ್ಕೆ ಹೊಂದುವುದನ್ನೇ ಆರಿಸಿರಿ.

ಪಂಪ್‌ಸೆಟ್ಟುಗಳಿಗೆ ಹಗ್ಗದ ಬ್ರೇಕಿನ ಡೈನಮೋಮೀಟರ್ ಸಾಕೆಂಬುದು ನಮ್ಮ ಅಭಿಪ್ರಾಯ. ಎಂಜಿನ್ನಿನ ಡ್ರಮ್ಮಿಗೆ ಹಗ್ಗ ಸುತ್ತಿ, ಒಂದು ತುದಿಗೆ ತೂಕ, ಇನ್ನೊಂದಕ್ಕೆ ಸ್ಪ್ರಿಂಗ್ ತಕ್ಕಡಿ. ತೂಕದಲ್ಲಿ ತಕ್ಕಡಿಯ ಅಳತೆಯನ್ನು ಕಳೆದು ತ್ರಿಜ್ಯದಿಂದ ಗುಣಿಸಿದರೆ ತಿರುಗುಬಲ. ತ್ರಿಜ್ಯಕ್ಕೆ ಹಗ್ಗದ ಅರ್ಧ ದಪ್ಪವನ್ನು ಸೇರಿಸಲು ಮರೆಯಬೇಡಿ, 20 ಸೆಂ.ಮೀ. ಡ್ರಮ್ಮಿನ ತ್ರಿಜ್ಯಕ್ಕೆ 2 ಸೆಂ.ಮೀ. ದಪ್ಪದ ಹಗ್ಗವಿದ್ದರೆ ಅಲ್ಲೇ ನೂರಕ್ಕೆ ಐದರಷ್ಟು ತಪ್ಪುತ್ತದೆ. ತಕ್ಕಡಿಗೆ ಅರ್ಧ ಕಿಲೋ ಗೆರೆಗಳಿದ್ದರೆ ಬೇಡವೆನ್ನಿರಿ.

ಎಂಜಿನ್ನಿನ ಶಕ್ತಿಯೆಲ್ಲ ಡ್ರಮ್ಮಿನಲ್ಲಿ ಕಾವಾಗುತ್ತದೆ. 5 ಅಶ್ವಶಕ್ತಿಗೆ ಗಂಟೆಗೆ ಸುಮಾರು 5 ಲೀಟರ್ ನೀರು ಆವಿಯಾಗುವಷ್ಟು! ಡ್ರಮ್ಮಿನ ಒಳಗೆ ನೀರು ನಿಲ್ಲುವ ಅಂಚು ಇರಲೇಬೇಕು. ಇಲ್ಲದಿದ್ದರೆ ಹಗ್ಗ ಸುಡುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಡ್ರಮ್ಮಿನಲ್ಲಿ ಬಿರುಕಿದೆಯೇ ಎಂದು ಬೆಳಕಿನಲ್ಲಿ ನೋಡಿರಿ. ಗೊತ್ತಿರುವ ತೂಕಗಳನ್ನು ಜೊತೆಯಲ್ಲಿ ಒಯ್ದು ತಕ್ಕಡಿಯನ್ನು ಮಾರುವವನ ಮುಂದೆಯೇ ಪರೀಕ್ಷಿಸಿರಿ.

ಉಳಿದ ಹಣದಲ್ಲಿ ಸುತ್ತು ಎಣಿಸುವ ಮೀಟರ್, 100 ಮಿ.ಲೀ. ಗಾಜಿನ ಅಳತೆ ಕೊಳವೆ, ಒಂದು ಸ್ಟಾಪ್‌ವಾಚ್ ಕೊಳ್ಳಿರಿ. ಸುಸ್ಥಿತಿಯ 5 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಪೂರ್ಣ ಹೊರೆಯಲ್ಲಿ ಅಷ್ಟು ಎಣ್ಣೆಯನ್ನು ಐದಾರು ನಿಮಿಷಕ್ಕೆ ಮುಗಿಸುತ್ತದೆ. ನಾಲ್ಕೇ ನಿಮಿಷಕ್ಕೆ ಮುಗಿಸಿದರೆ ಇಂಜೆಕ್ಟರನ್ನೂ ಏರ್ ಕ್ಲೀನರನ್ನೂ ನೋಡಿದ ಮೇಲೆಯೇ ಎಂಜಿನ್ನನ್ನು ಒಡೆಯನಿಗೆ ಒಪ್ಪಿಸಿರಿ.