ಗೊತ್ತಿಲ್ಲದ ಮೈದಾನ, ಇಬ್ಬನಿಯ ಬೆಳಗು: ಕೊಡಗಿನಲ್ಲಿ ಚಳಿಗಾಲದ ಗಾಲ್ಫ್

ಹುತ್ತರಿ ಮುಗಿದು ತೋಟಗಳಲ್ಲಿ ಕಾಫಿ ಕೊಯ್ಲು ಬಿರುಸುಗೊಳ್ಳುವ ಹೊತ್ತಿಗೆ ಕೊಡಗಿನ ರಸ್ತೆಗಳಲ್ಲಿ ಹೊರ ಊರಿನ ವಾಹನಗಳ ಸಾಲು ಬೆಳೆಯುತ್ತದೆ. ಅವುಗಳಲ್ಲಿ ಕೆಲವರ ಡಿಕ್ಕಿಯಲ್ಲಿ ಗಾಲ್ಫ್ ಚೀಲವೂ ಇರುತ್ತದೆ. ಮಲಗಲು, ಅಡುಗೆ ಮಾಡಿಕೊಳ್ಳಲು ಅನುಕೂಲವಿರುವ ಕ್ಯಾರವಾನ್‌ನಲ್ಲಿ ಊರೂರು ಸುತ್ತುತ್ತಾ ಸಿಕ್ಕ ಮೈದಾನದಲ್ಲೆಲ್ಲ ಆಡುವ ಹವ್ಯಾಸ ಅಮೆರಿಕದಲ್ಲಿ ಹಳೆಯದು. ಕರ್ನಾಟಕದ 2020-25ರ ಪ್ರವಾಸೋದ್ಯಮ ನೀತಿಯೂ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ನೀಡಿತ್ತು. ಆದರೆ ಕೊಡಗಿನ ಒಳರಸ್ತೆಗಳು ಕಿರಿದು, ತಿರುವುಗಳು ಹೆಚ್ಚು. ದೊಡ್ಡ ವಾಹನವನ್ನು ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸಿ, ಮೈದಾನಕ್ಕೆ ಸಣ್ಣ ಕಾರಿನಲ್ಲಿ ಹೋಗುವುದೇ ಜಾಣತನ.

ಕೊಡಗು ಮೂಲತಃ ಹಾಕಿಯ ನಾಡು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬದ ಮುಂದೆ ಇಲ್ಲಿ ಗಾಲ್ಫ್ ಸದ್ದಿಲ್ಲದ ಆಟ. ಹಾಗಿದ್ದರೂ ಇಷ್ಟು ಸಣ್ಣ ಜಿಲ್ಲೆಯಲ್ಲಿ ಗಾಲ್ಫ್ ಮೈದಾನಗಳಿಗೆ ಕೊರತೆಯಿಲ್ಲ. ವಿರಾಜಪೇಟೆ ಸಮೀಪದ ಬಿಟ್ಟಂಗಾಲದಲ್ಲಿ 18 ಹೋಲ್‌ಗಳ ಕೂರ್ಗ್ ಗಾಲ್ಫ್ ಲಿಂಕ್ಸ್, ಪಾಲಿಬೆಟ್ಟದಲ್ಲಿ ತೋಟಗಳ ನಡುವೆ 9 ಹೋಲ್‌ಗಳ ಅಂಗಣ, ಮಡಿಕೇರಿಯ ಗುಡ್ಡದ ಮೇಲೆ ಮರ್ಕೆರಾ ಡೌನ್ಸ್. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯಲ್ಲಿ ಕಾಫಿ ತೋಟ ಆರಂಭಿಸಿದ ನಂತರ ಬಂದ ಯುರೋಪಿಯನ್ ಪ್ಲಾಂಟರುಗಳ ಕ್ಲಬ್ ಸಂಸ್ಕೃತಿಯ ನೆರಳು ಈ ಆಟದ ಮೇಲೆ ಇನ್ನೂ ಇದೆ.

ಅಪರಿಚಿತ ಮೈದಾನಕ್ಕೆ ಹೋಗುವ ಆಟಗಾರ ತನ್ನೊಡನೆ ಒಯ್ಯಬಹುದಾದದ್ದು ಹ್ಯಾಂಡಿಕ್ಯಾಪ್ ಎಂಬ ಒಂದು ಸಂಖ್ಯೆ ಮಾತ್ರ. ಹಿಂದೆ ದೇಶದಿಂದ ದೇಶಕ್ಕೆ ಇದರ ಲೆಕ್ಕ ಬೇರೆಯಾಗಿತ್ತು. 2020ರಲ್ಲಿ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆ ಜಾರಿಗೆ ಬಂದು ಆ ಗೊಂದಲ ಬಹುಮಟ್ಟಿಗೆ ಕಡಿಮೆಯಾಯಿತು. ಇದರ ಪ್ರಕಾರ ಮೈದಾನದ ಕಷ್ಟವನ್ನು 55ರಿಂದ 155ರವರೆಗಿನ ಸ್ಲೋಪ್ ಅಂಕದಲ್ಲಿ ಅಳೆಯುತ್ತಾರೆ. 113 ಎಂಬುದು ಸಾಧಾರಣ ಮಟ್ಟ. ಆಟಗಾರನ ಸೂಚ್ಯಂಕ 18 ಎಂದಿಟ್ಟುಕೊಂಡರೆ, ಸ್ಲೋಪ್ 130 ಇರುವ ಮೈದಾನದಲ್ಲಿ ಆತನಿಗೆ ಸುಮಾರು 21 ಹೊಡೆತಗಳ ರಿಯಾಯಿತಿ, 100 ಇರುವಲ್ಲಿ 16 ಮಾತ್ರ. ಮೈದಾನದ ರೇಟಿಂಗ್ ಮತ್ತು ಪಾರ್ ನಡುವಿನ ವ್ಯತ್ಯಾಸವನ್ನೂ ಇದಕ್ಕೆ ಸೇರಿಸಬೇಕು.

ಲೆಕ್ಕ ಇಷ್ಟನ್ನು ಹೇಳಬಲ್ಲದು. ಚೆಂಡು ಯಾವ ಇಳಿಜಾರಿನಲ್ಲಿ ಎಷ್ಟು ಉರುಳುತ್ತದೆ ಎಂಬುದನ್ನು ಅದು ಹೇಳಲಾರದು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಗಾಳಿ ತೆಳುವಾಗಿರುವುದರಿಂದ ಕರಾವಳಿಗಿಂತ ಇಲ್ಲಿ ಚೆಂಡು ತುಸು ದೂರ ಹಾರುತ್ತದೆ. ಮುಂಜಾನೆಯ ಚಳಿ ಅದರ ಒಂದಷ್ಟು ಭಾಗವನ್ನು ಕಸಿದುಕೊಳ್ಳುತ್ತದೆ. ತಣ್ಣಗಾದ ಚೆಂಡಿನ ಪುಟಿತ ಕಡಿಮೆ, ತಂಪಾದ ಗಾಳಿ ಸಾಂದ್ರ. ಬೆಳಿಗ್ಗೆ ಏಳಕ್ಕೆ ಆರಿಸಿಕೊಂಡ ಕ್ಲಬ್ ಹನ್ನೊಂದಕ್ಕೆ ಹೆಚ್ಚಾಗುವುದು ಈ ಕಾರಣದಿಂದಲೇ.

ಇನ್ನು ಇಬ್ಬನಿ. ಚಳಿಗಾಲದ ಬೆಳಗಿನಲ್ಲಿ ಗ್ರೀನ್ ಮೇಲೆ ಚೆಂಡು ನೀರಿನ ಗೆರೆ ಎಳೆಯುತ್ತಾ ನಿಧಾನವಾಗಿ ಸಾಗುತ್ತದೆ. ಬಿಸಿಲೇರಿದ ಮೇಲೆ ಅದೇ ಹುಲ್ಲು ಚುರುಕಾಗಿ, ಅದೇ ಬಲದ ಪಟ್ ಹೋಲ್ ದಾಟಿ ಕೆಳಗೆ ಜಾರುತ್ತದೆ. ಹೊಸಬರು ಇಲ್ಲೇ ಹೆಚ್ಚು ಹೊಡೆತಗಳನ್ನು ಕಳೆದುಕೊಳ್ಳುತ್ತಾರೆ. ನಿಯಮವೂ ಇಲ್ಲಿ ಕಟ್ಟುನಿಟ್ಟು: ಇಬ್ಬನಿಯನ್ನು ಟೀ ಜಾಗದಲ್ಲಿ ಒರೆಸಬಹುದು, ಪಟ್ ಸಾಗುವ ದಾರಿಯಲ್ಲಿ ಒರೆಸುವಂತಿಲ್ಲ. ಉದುರಿದ ಸಿಲ್ವರ್ ಓಕ್ ಎಲೆಗಳನ್ನು ಮಾತ್ರ ತೆಗೆದುಹಾಕಬಹುದು.

ಚೆಂಡು ತೋಟದೊಳಗೆ ಹೋದರೆ? ಬಿಳಿ ಗೂಟಗಳ ಆಚೆಗಿದ್ದರೆ ಅದು ಸೀಮೆಯ ಹೊರಗು. ಒಂದು ಹೊಡೆತದ ದಂಡ ತೆತ್ತು ಹಿಂದಿನ ಜಾಗದಿಂದಲೇ ಮತ್ತೆ ಆಡಬೇಕು. ಒಳಗೆ ಕಳೆದಿದ್ದರೆ ಹುಡುಕಲು ಮೂರೇ ನಿಮಿಷ. 2019ಕ್ಕೆ ಮೊದಲು ಐದು ನಿಮಿಷವಿತ್ತು. ಎರಡು ಹೊಡೆತಗಳ ದಂಡದೊಂದಿಗೆ ಚೆಂಡು ಮರೆಯಾದ ಜಾಗದ ಬಳಿಯ ಫೇರ್‌ವೇಯಲ್ಲಿ ಚೆಂಡಿಳಿಸುವ ಸ್ಥಳೀಯ ನಿಯಮವನ್ನು ಕೆಲವು ಕ್ಲಬ್‌ಗಳು ಜಾರಿಗೊಳಿಸಿರುತ್ತವೆ. ಸ್ಕೋರ್ ಕಾರ್ಡಿನ ಹಿಂಬದಿಯನ್ನು ಓದದೆ ಮೊದಲ ಟೀಗೆ ಹೋಗಬಾರದು ಎನ್ನುವುದು ಇದಕ್ಕಾಗಿಯೇ. ಕೊಯ್ಲಿನ ಕಾಲದಲ್ಲಿ ಬೇಲಿಯಾಚೆ ಗಿಡಗಳ ಮರೆಯಲ್ಲಿ ಹಣ್ಣು ಬಿಡಿಸುವ ಕಾರ್ಮಿಕರಿರುತ್ತಾರೆ ಎಂಬುದು ದಂಡಕ್ಕಿಂತ ದೊಡ್ಡ ಮಾತು. ಚೆಂಡು ಆ ದಿಕ್ಕಿಗೆ ತಿರುಗಿದರೆ ಗಟ್ಟಿಯಾಗಿ ಕೂಗಿ ಎಚ್ಚರಿಸಲು ಸಂಕೋಚ ಪಡಬಾರದು.

ಇವೆಲ್ಲಕ್ಕೂ ಉತ್ತರ ಬಲ್ಲವನು ಕ್ಯಾಡಿ. ಅಕ್ಕಪಕ್ಕದ ಊರಿನವನಾದ ಆತನಿಗೆ ಗ್ರೀನಿನ ಕಣ್ಣಿಗೆ ಕಾಣದ ಓರೆಯೂ ಗೊತ್ತು, ಹಾವು ಬಿಸಿಲು ಕಾಯುವ ಕಲ್ಲೂ ಗೊತ್ತು. ಗುಡ್ಡದ ಮೈದಾನಗಳಲ್ಲಿ ಹತ್ತಿರದ ಏರು ಕಣ್ಣನ್ನು ವಂಚಿಸುತ್ತದೆ. ಮೇಲ್ಮುಖವೆಂದು ಕಂಡ ಪಟ್ ವಾಸ್ತವದಲ್ಲಿ ಇಳಿಮುಖವಾಗಿರುತ್ತದೆ. ಹಣ ಉಳಿಸಲು ಕ್ಯಾಡಿಯನ್ನು ಬಿಟ್ಟು ಆಡುವ ಪ್ರವಾಸಿ ಕಳೆದುಕೊಂಡ ಚೆಂಡುಗಳಲ್ಲೇ ಆ ಹಣವನ್ನು ತೆರುತ್ತಾನೆ. ಬರುವ ಮುನ್ನ ಕ್ಲಬ್ಬಿಗೆ ದೂರವಾಣಿ ಮಾಡಿ, ಅತಿಥಿಗಳಿಗೆ ಪ್ರವೇಶವಿದೆಯೇ, ಆ ದಿನ ಸ್ಪರ್ಧೆಯಿದೆಯೇ, ಕ್ಯಾಡಿ ಸಿಗುವರೇ ಎಂದು ಕೇಳಿಕೊಳ್ಳುವುದು ಒಳಿತು.

ನಿಜವಾದ ಅಪಾಯ ಮೈದಾನಕ್ಕಿಂತ ಅಲ್ಲಿಗೆ ಹೋಗುವ ದಾರಿಯಲ್ಲಿದೆ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಸುತ್ತಲಿನ ತೋಟಗಳಲ್ಲಿ ಕಾಡಾನೆಗಳ ಓಡಾಟ ವರ್ಷವಿಡೀ ಇದೆ. ತೋಟ ಕಾರ್ಮಿಕರು ಆನೆ ದಾಳಿಗೆ ಬಲಿಯಾದ ಸುದ್ದಿ ಇಲ್ಲಿ ಮತ್ತೆ ಮತ್ತೆ ಬರುತ್ತದೆ, ಅದೂ ಬೆಳಗಿನ ಜಾವದ ಘಟನೆಗಳೇ ಹಲವು. ಮೊದಲ ಟೀ ಸಮಯ ಹಿಡಿಯಲು ಮಂಜು ಕವಿದ ಕತ್ತಲಲ್ಲಿ ವಾಹನ ಓಡಿಸುವವರು ಇದನ್ನು ಮರೆಯುತ್ತಾರೆ. ಎಂಟೂವರೆಯ ಟೀ ಸಮಯ ಕೇಳಿಕೊಂಡರೆ ದಾರಿಯಲ್ಲಿ ಬೆಳಕಿರುತ್ತದೆ, ಗ್ರೀನ್ ಮೇಲಿನ ಇಬ್ಬನಿಯೂ ಕರಗತೊಡಗಿರುತ್ತದೆ. ಹಾವು, ಜೇನುನೊಣಗಳಂಥ ಅಪಾಯಕಾರಿ ಪ್ರಾಣಿಗಳ ಬಳಿ ಚೆಂಡು ಬಿದ್ದರೆ ದಂಡವಿಲ್ಲದೆ ಬೇರೆಡೆ ಆಡಲು ಗಾಲ್ಫ್ ನಿಯಮವೇ ಅವಕಾಶ ನೀಡುತ್ತದೆ. ಆನೆ ಕಂಡರಂತೂ ನಿಯಮ ಪುಸ್ತಕ ನೋಡುವ ಅಗತ್ಯವಿಲ್ಲ. ಚೀಲ ಬಿಟ್ಟು ಕ್ಯಾಡಿ ಹೇಳಿದತ್ತ ನಡೆಯಬೇಕು.

ಕೊಡಗಿನಿಂದ ಹಲವರು ಚಾಮುಂಡಿ ಬೆಟ್ಟದ ತಪ್ಪಲಿನ ಮೈಸೂರು ಮೈದಾನಕ್ಕೆ, ಅಲ್ಲಿಂದ ಊಟಿಗೆ ಪ್ರವಾಸ ಮುಂದುವರಿಸುತ್ತಾರೆ. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಸಂಚಾರವಿಲ್ಲ. ನೀಲಗಿರಿ ಪ್ರವೇಶಕ್ಕೆ 2024ರ ಮೇ ತಿಂಗಳಲ್ಲಿ ಇ-ಪಾಸ್ ವ್ಯವಸ್ಥೆ ಬಂದಿದ್ದು, ಹೊರಡುವ ಮುನ್ನವೇ ವಿಚಾರಿಸಿಕೊಳ್ಳಬೇಕು. ಜನವರಿಯಲ್ಲಿ ಊಟಿಯ ಹುಲ್ಲಿನ ಮೇಲೆ ಹಿಮದ ಪುಡಿ ಕಟ್ಟುವುದುಂಟು. ಅದರ ಮೇಲೆ ನಡೆದರೆ ಹುಲ್ಲು ಸುಟ್ಟಂತೆ ಕಪ್ಪಾಗುವುದರಿಂದ, ಅಂಥ ಬೆಳಗಿನಲ್ಲಿ ಬಿಸಿಲು ಬರುವವರೆಗೆ ಕಾಯಬೇಕಾಗುತ್ತದೆ.