ಚರ್ಮ ಬಿಗಿಯುವ ವ್ಯಾಧಿಯೂ ಅದರ ಮೂಲವನ್ನು ಅರಸಿದ ವೈದ್ಯೆಯರೂ

ನಮ್ಮ ಶಾಲೆಯ ಹಳೇ ವಿದ್ಯಾರ್ಥಿನಿಯರಲ್ಲಿ ಒಬ್ಬರು ಅನೇಕ ವರ್ಷಗಳ ಕಾಲ ತಮ್ಮ ಸಭೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ಒಂದು ದಶಂಬರ ತಿಂಗಳಲ್ಲಿ, ಕ್ರಿಸ್ಮಸ್ ಹಬ್ಬದ ಹಾಡುಗಳ ಅಭ್ಯಾಸ ನಡೆಯುತ್ತಿರುವಾಗ, ತಮ್ಮ ಬೆರಳುಗಳು ಕೀಲಿಮಣೆಯ ಮೇಲೆ ಮೊದಲಿನಂತೆ ಅಗಲವಾಗಿ ಚಾಚಲಾರವೆಂಬದು ಅವರಿಗೆ ತಿಳಿದುಬಂತು. ಅದಕ್ಕೆ ಎರಡು ವರ್ಷಗಳ ಮೊದಲೇ ಒಂದು ಸೂಚನೆ ದೊರೆತಿತ್ತು. ಉರ್ವ ಮಾರ್ಕೆಟಿನಿಂದ ತಂದ ಮಂಜುಗಡ್ಡೆಯ ಬಂಗುಡೆ ಮೀನನ್ನು ತೊಳೆಯುವಾಗ ಅವರ ಬೆರಳುಗಳು ಸೀಮೆಸುಣ್ಣದಂತೆ ಬಿಳುಪಾಗಿ, ಆಮೇಲೆ ನೀಲಿಯಾಗಿ, ಕಡೆಗೆ ಕೆಂಪೇರಿ ಉರಿಯುತ್ತಿದ್ದವು. ಮಣ್ಣಗುಡ್ಡದಂಥ ಸೆಕೆಯ ಊರಿನಲ್ಲಿ ಚಳಿಯಿಂದ ಕೈ ಕೆಡುವದುಂಟೇ ಎಂದು ಮನೆಯವರು ನಕ್ಕು ಸುಮ್ಮನಾಗಿದ್ದರು. ಬರಬರುತ್ತ ಕೈಯ ಚರ್ಮವು ನುಣುಪಾಗಿ ಹೊಳೆಯಿತು. ಮದುವೆಯ ಉಂಗುರ ಕಳಚದಾಯಿತು. ಮುಖ ಬಿಗಿದು ಬಾಯಿ ಕಿರಿದಾಯಿತು. ಆಗ ನೆರೆಯವರಲ್ಲಿ ಒಂದು ಪಿಸುಮಾತು ಹುಟ್ಟಿತು. ಅದು ಅವರ ಕಿವಿಗೂ ಬಿತ್ತು. ಅಂದಿನಿಂದ ಅವರು ದೇವಾಲಯದಲ್ಲಿ ಕಡೇ ಸಾಲಿನಲ್ಲಿ ಕುಳಿತು, ಕರ್ತನ ರಾತ್ರಿಭೋಜನದ ಪಾತ್ರೆಯನ್ನು ಎಲ್ಲರೂ ಮುಟ್ಟಿದ ಬಳಿಕವೇ ಮುಟ್ಟುತ್ತಿದ್ದರು. ಇದನ್ನು ಅವರ ಒಪ್ಪಿಗೆಯಿಂದಲೇ ಬರೆಯುತ್ತೇವೆ.

ಅವರಿಗಿದ್ದದ್ದು ಕುಷ್ಠವಲ್ಲ. ಕುಷ್ಠರೋಗದ ವಿಷಯದಲ್ಲಿ ನಮ್ಮ ಊರು ಅಜ್ಞಾನಿಯಾಗಿರಲು ಕಾರಣವೂ ಇಲ್ಲ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಔಷಧ ಕೊಡಲಾರಂಭಿಸಿ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ತೆರೆದದ್ದು ಎಲ್ಲರಿಗೂ ತಿಳಿದ ಸಂಗತಿ. ಕುಷ್ಠವು ಒಂದು ರೋಗಾಣುವಿನಿಂದ ಬರುವದೆಂದು ನಾರ್ವೆ ದೇಶದ ಹ್ಯಾನ್ಸನರು 1873ರಲ್ಲಿ ಕಂಡುಕೊಂಡರು. ಅದರ ಮಚ್ಚೆಗಳಲ್ಲಿ ಸ್ಪರ್ಶಜ್ಞಾನವು ಕುಂದುವದು, ಮತ್ತು ಈ ಕಾಲದಲ್ಲಿ ಔಷಧದಿಂದ ಅದು ಪೂರ್ಣವಾಗಿ ಗುಣವಾಗುವದು. ನಾವು ಹೇಳಹೊರಟ ವ್ಯಾಧಿಗೆ ರೋಗಾಣುವಿಲ್ಲ. ಅದು ಒಬ್ಬರಿಂದ ಒಬ್ಬರಿಗೆ ಅಂಟುವದೂ ಇಲ್ಲ. ಅದರ ಹೆಸರು ಸ್ಕ್ಲೆರೋಡರ್ಮ, ಅಂದರೆ ಗ್ರೀಕ್ ಭಾಷೆಯಲ್ಲಿ ಗಡಸು ಚರ್ಮ. ಆದರೆ ಈ ಹೆಸರೇ ಬಹುಕಾಲ ವೈದ್ಯರನ್ನು ದಾರಿ ತಪ್ಪಿಸಿತು. ಚರ್ಮವು ಕಣ್ಣಿಗೆ ಕಾಣುವದರಿಂದ ಎಲ್ಲರೂ ಚರ್ಮವನ್ನೇ ನೋಡಿದರು. ಪ್ರಾಣಾಪಾಯವಾದರೋ ಒಳಗಿನ ಅಂಗಗಳಲ್ಲಿತ್ತು.

ಇಟಲಿಯ ನೇಪಲ್ಸ್ ಪಟ್ಟಣದಲ್ಲಿ ಕಾರ್ಲೋ ಕುರ್ಜಿಯೋ ಎಂಬ ವೈದ್ಯನು 1753ರಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳ ಚರ್ಮವು ಮರದಂತೆ ಗಡಸಾದುದನ್ನು ವರ್ಣಿಸಿದನು. ಚಳಿಗೆ ಬೆರಳು ಬಿಳುಪಾಗುವದನ್ನು ಫ್ರಾನ್ಸಿನ ಮೋರಿಸ್ ರೇನೋ ಎಂಬವನು 1862ರಲ್ಲಿ ವಿವರಿಸಿದುದರಿಂದ ಆ ಲಕ್ಷಣಕ್ಕೆ ಅವನ ಹೆಸರೇ ನಿಂತಿತು. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿದ್ದ ಗೋಯೆಟ್ಜ್ ಅವರು 1945ರಲ್ಲಿ, ಇದು ಚರ್ಮದ ರೋಗವಲ್ಲ, ಸರ್ವಾಂಗದ ರೋಗವೆಂದು ಸಾರಿ, ಸಿಸ್ಟೆಮಿಕ್ ಸ್ಕ್ಲೆರೋಸಿಸ್ ಎಂಬ ಮಾತನ್ನು ಬಳಕೆಗೆ ತಂದರು.

ದೇಹದಲ್ಲಿ ಆಗುವದೇನು? ನಮ್ಮ ರಕ್ತದಲ್ಲಿ ಕಾವಲುಗಾರರಂತೆ ಕೆಲಸ ಮಾಡುವ ಬಿಳಿ ಕಣಗಳು ಪರಕೀಯ ರೋಗಾಣುಗಳನ್ನು ಗುರುತಿಸಿ ಕೊಲ್ಲುವವು. ಈ ಕಾವಲು ತನ್ನ ಯಜಮಾನನ ಮೇಲೆಯೇ ತಿರುಗಿ ಬೀಳಲಾರದೆಂದು ಬಹುಕಾಲ ನಂಬಲಾಗಿತ್ತು. ಅಮೇರಿಕದಲ್ಲಿ ನೋಯೆಲ್ ರೋಸ್ ಮತ್ತು ವಿಟೆಬ್ಸ್ಕಿ ಎಂಬವರು 1956ರಲ್ಲಿ ಮೊಲಗಳ ಮೇಲೆ ಪ್ರಯೋಗ ಮಾಡಿ, ಅದು ತಿರುಗಿ ಬೀಳುವದುಂಟೆಂದು ತೋರಿಸಿದರು. ಲೂಪಸ್, ಕೀಲುಗಳನ್ನು ಕೆಡಿಸುವ ರುಮಟಾಯ್ಡ್ ಸಂಧಿವಾತ, ಕಣ್ಣು ಬಾಯಿಗಳನ್ನು ಒಣಗಿಸುವ ಶೋಗ್ರೆನ್ ವ್ಯಾಧಿ, ಇವೆಲ್ಲ ಒಂದೇ ಕುಟುಂಬದವು. ಇವು ಪುರುಷರಿಗಿಂತ ಸ್ತ್ರೀಯರನ್ನೇ ಹೆಚ್ಚಾಗಿ ಹಿಡಿಯುತ್ತವೆ. ಹೆಣ್ಣುಮಕ್ಕಳ ಶಾಲೆಯ ಸ್ಮರಣಸಂಚಿಕೆಯಲ್ಲಿ ಇವಕ್ಕೆ ಸ್ಥಳ ಕೊಡುವದಕ್ಕೆ ಅದೂ ಒಂದು ಕಾರಣ. ಸ್ಕ್ಲೆರೋಡರ್ಮದಲ್ಲಿ ಮೊದಲು ಸಣ್ಣ ರಕ್ತನಾಳಗಳು ಕೆಡುವವು. ಬಳಿಕ ಗಾಯ ಮಾಯಿಸುವದಕ್ಕಾಗಿ ನಾರನ್ನು ನೆಯ್ಯುವ ಕಣಗಳು, ಗಾಯವಿಲ್ಲದಿದ್ದರೂ ಕೆಲಸ ನಿಲ್ಲಿಸದೆ, ನೆಯ್ದದ್ದೇ ನೆಯ್ಯುತ್ತ ಹೋಗುವವು. ಹೀಗೆ ಚರ್ಮವೂ, ಅನ್ನನಾಳವೂ, ಶ್ವಾಸಕೋಶವೂ ನಾರುಗಟ್ಟುವವು.

ಈ ವಿಷಯದಲ್ಲಿ ದುಡಿದವರ ಪೈಕಿ ಇಂಗ್ಲೆಂಡಿನ ಕ್ಯಾರೋಲ್ ಬ್ಲ್ಯಾಕ್ ಅವರ ಕಥೆಯು ನಮ್ಮ ಬಾಲಿಕೆಯರಿಗೆ ಹಿಡಿಸುವಂಥದು. 1939ರಲ್ಲಿ ಹುಟ್ಟಿದ ಇವರು ಬ್ರಿಸ್ಟಲ್ ವಿಶ್ವವಿದ್ಯಾನಿಲಯದಲ್ಲಿ ಮೊದಲು ಓದಿದ್ದು ಇತಿಹಾಸವನ್ನು. ಪದವಿ ಪಡೆದ ಮೇಲೆ ಮನಸ್ಸು ಬದಲಾಗಿ, ಅಲ್ಲಿಯೇ ವೈದ್ಯಶಾಸ್ತ್ರಕ್ಕೆ ಸೇರಿ 1970ರಲ್ಲಿ ವೈದ್ಯೆಯಾದರು. ಹದಿನೈದನೇ ವಯಸ್ಸಿನಲ್ಲಿ ಆರಿಸಿಕೊಂಡ ವಿಷಯವೇ ಆಯುಷ್ಯದ ಹಣೆಬರಹವೆಂದು ಎಣಿಸಿ ಮಕ್ಕಳನ್ನು ಅಳಿಸುವ ತಂದೆತಾಯಿಗಳು ಇದನ್ನು ಲಕ್ಷಿಸಬೇಕೆಂದು ಕೋರುತ್ತೇವೆ.

ಆ ಕಾಲದಲ್ಲಿ ಪ್ಲಾಸ್ಟಿಕ್ ತಯಾರಿಸುವ ಕಾರ್ಖಾನೆಗಳಲ್ಲಿ, ವಿನೈಲ್ ಕ್ಲೋರೈಡ್ ಎಂಬ ವಾಯುವಿನ ನಡುವೆ ದುಡಿಯುವ ಕೆಲವರಿಗೆ ಬೆರಳು ಬಿಳುಪಾಗಿ ಚರ್ಮ ದಪ್ಪವಾಗುತ್ತಿತ್ತು, ಸ್ಕ್ಲೆರೋಡರ್ಮದ ತದ್ರೂಪವೇ. ಆದರೆ ಒಂದೇ ಪಾತ್ರೆಯ ಬಳಿ, ಒಂದೇ ಗಾಳಿಯನ್ನು ಉಸಿರಾಡಿದ ಇಬ್ಬರಲ್ಲಿ ಒಬ್ಬನು ರೋಗಿಯಾಗುವನು, ಮತ್ತೊಬ್ಬನು ಸುಖವಾಗಿರುವನು. ಇದೇಕೆ? ಬ್ಲ್ಯಾಕ್ ಅವರೂ ಸಂಗಡಿಗರೂ ಇಂಥ ಕಾರ್ಮಿಕರ ರಕ್ತವನ್ನು ಪರೀಕ್ಷಿಸಿ, ಬಿಳಿ ಕಣಗಳ ಮೇಲೆ ವಂಶಪಾರಂಪರ್ಯವಾಗಿ ಬರುವ ಕೆಲವು ಗುರುತುಗಳು ರೋಗಿಗಳಲ್ಲಿ ಹೆಚ್ಚಾಗಿರುವದನ್ನು ಕಂಡು, 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೀಜವೊಂದರಿಂದಲೇ ಬೆಳೆಯಾಗದು, ಹದವಾದ ನೆಲವೂ ಬೇಕು. ಹೊರಗಿನ ವಿಷವು ಬೀಜ, ಹುಟ್ಟಿನಿಂದ ಬಂದ ಗುಣವು ನೆಲ. ಹಾಗೆಂದು ಇದು ತಾಯಿಯಿಂದ ಮಗಳಿಗೆ ನೇರವಾಗಿ ಇಳಿಯುವ ರೋಗವೆಂದು ಯಾರೂ ಹೆದರಬಾರದು. ಕನ್ಯೆ ನೋಡುವಾಗ ಇದನ್ನು ಕೇಳಿ ವಿಚಾರಿಸುವವರಿದ್ದರೆ ಅದು ಅನ್ಯಾಯವೇ ಸರಿ.

ಕಲ್ಲಿನ ಧೂಳೂ ಇಂಥದೇ ಒಂದು ಬೀಜ. ಎಡಿನ್‌ಬರೋ ನಗರದ ಬೈರಮ್ ಬ್ರ್ಯಾಮ್‌ವೆಲ್ ಅವರು 1914ರಲ್ಲಿ ತಾವು ಕಂಡ ಒಂಬತ್ತು ಮಂದಿ ರೋಗಿಗಳಲ್ಲಿ ಐವರು ಕಲ್ಲುಕುಟಿಗರೆಂದು ಬರೆದರು. ತಣ್ಣಗಿನ ಉಳಿಯನ್ನು ಹಿಡಿದದ್ದೇ ಕಾರಣವೆಂದು ಅವರು ಭಾವಿಸಿದರು. ಲೆಕ್ಕ ಸರಿ, ಕಾರಣ ಮಾತ್ರ ತಪ್ಪು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಕೆಲಸದವರಲ್ಲಿ ಈ ರೋಗವನ್ನು ಎರಾಸ್ಮಸ್ ಎಂಬವರು 1957ರಲ್ಲಿ ವಿವರಿಸಿದ ಬಳಿಕ, ಧೂಳಿನಲ್ಲಿರುವ ಸಿಲಿಕದ ಕಡೆಗೆ ಜನರ ದೃಷ್ಟಿ ಹೊರಳಿತು. ನಮ್ಮ ನಾಡಿನಲ್ಲಿ, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ, ಇದೇ ಧೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್ ರೋಗದ ತನಿಖೆಯು 1940ರ ದಶಕದಲ್ಲೇ ನಡೆದಿತ್ತು. ಕರಿಗಲ್ಲನ್ನು ಕೊರೆಯುವ, ಒಡೆಯುವ ಕೆಲಸಗಾರರಿರುವ ಮನೆಯವರು ಕಲ್ಲಿಗೆ ನೀರು ಹಾಯಿಸುವದನ್ನೂ ಮೂಗಿಗೆ ತಕ್ಕ ಮುಸುಕನ್ನೂ ಅಲಕ್ಷಿಸಬಾರದು.

ಬ್ಲ್ಯಾಕ್ ಅವರು ಮುಂದೆ ಲಂಡನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಈ ರೋಗಕ್ಕಾಗಿಯೇ ಒಂದು ಕೇಂದ್ರವನ್ನು ಬೆಳೆಸಿದರು. ಅದು ಯುರೋಪು ಖಂಡದ ದೊಡ್ಡ ಕೇಂದ್ರಗಳಲ್ಲೊಂದಾಯಿತು. ಈ ಆಸ್ಪತ್ರೆಯ ಹೆಸರು ನಮಗೆ ತೀರ ಹೊಸದಲ್ಲ. ಸ್ತ್ರೀಯರಿಗಾಗಿ 1874ರಲ್ಲಿ ಲಂಡನಿನಲ್ಲಿ ತೆರೆದ ವೈದ್ಯಶಾಲೆಯ ವಿದ್ಯಾರ್ಥಿನಿಯರನ್ನು ಯಾವ ದೊಡ್ಡ ಆಸ್ಪತ್ರೆಯೂ ಒಳಗೆ ಬಿಡದಿದ್ದಾಗ, 1877ರಲ್ಲಿ ಬಾಗಿಲು ತೆರೆದದ್ದು ಇದೇ ರಾಯಲ್ ಫ್ರೀ. ಬಾಲ್ಯವಿವಾಹದ ಬಂಧನವನ್ನು ಎದುರಿಸಿ ನಿಂತ ಮುಂಬಯಿಯ ರುಖ್ಮಾಬಾಯಿಯವರು ಆ ಶಾಲೆಯಲ್ಲಿ ಕಲಿತು 1894ರಲ್ಲಿ ವೈದ್ಯೆಯಾದರು. ಬ್ಲ್ಯಾಕ್ ಅವರು 2002ರಿಂದ 2006ರ ವರೆಗೆ, 1518ರಲ್ಲಿ ಸ್ಥಾಪನೆಯಾದ ವೈದ್ಯರ ರಾಯಲ್ ಕಾಲೇಜಿಗೆ ಅಧ್ಯಕ್ಷರಾಗಿದ್ದರು. ಆ ಪೀಠದಲ್ಲಿ ಕುಳಿತ ಸ್ತ್ರೀಯರಲ್ಲಿ ಅವರು ಎರಡನೆಯವರು.

ಇನ್ನು ಅಮೇರಿಕದ ವರ್ಜೀನಿಯಾ ಸ್ಟೀನ್ ಅವರ ಮಾತು. ಸ್ಕ್ಲೆರೋಡರ್ಮದವರಲ್ಲಿ ಕೆಲವರಿಗೆ ಒಮ್ಮೆಲೇ ರಕ್ತದ ಒತ್ತಡವು ಏರಿ, ಕೆಲವೇ ದಿನಗಳಲ್ಲಿ ಮೂತ್ರಪಿಂಡಗಳು ನಿಂತುಹೋಗುತ್ತಿದ್ದವು. ಇದು ಬಂದರೆ ಮರಣವೇ ಎಂದು ವೈದ್ಯರು ಕೈಚೆಲ್ಲಿದ್ದರು. ಅಷ್ಟರಲ್ಲಿ, ಬ್ರೆಜಿಲ್ ದೇಶದ ಜರರಾಕ ಎಂಬ ವಿಷಸರ್ಪದ ವಿಷವನ್ನು ಪರಿಶೋಧಿಸುವದರಿಂದ ಹೊಳೆದ ದಾರಿಯಲ್ಲಿ ನಡೆದು, ಕ್ಯಾಪ್ಟೊಪ್ರಿಲ್ ಎಂಬ ಒತ್ತಡ ಇಳಿಸುವ ಔಷಧವನ್ನು ಕಟ್ಟಿದರು. ಪಿಟ್ಸ್‌ಬರ್ಗಿನಲ್ಲಿ ಸ್ಟೀನ್ ಅವರೂ ಥಾಮಸ್ ಮೆಡ್ಸ್‌ಗರ್ ಮೊದಲಾದವರೂ ಈ ಸಂಕಟಕ್ಕೆ ಸಿಕ್ಕಿದ 108 ಮಂದಿಯ ಲೆಕ್ಕವನ್ನು 1990ರಲ್ಲಿ ಪ್ರಕಟಿಸಿದರು. ಈ ಜಾತಿಯ ಔಷಧ ದೊರೆಯದವರಲ್ಲಿ ಒಂದು ವರ್ಷ ಬದುಕಿದವರು ನೂರಕ್ಕೆ 15. ದೊರೆತವರಲ್ಲಿ ನೂರಕ್ಕೆ 76. ಪ್ರೆಡ್ನಿಸೊಲೋನ್ ಜಾತಿಯ ಮಾತ್ರೆಗಳನ್ನು ದಿನಕ್ಕೆ 15 ಮಿಲಿಗ್ರಾಮು ಅಥವಾ ಅದಕ್ಕೆ ಮೇಲ್ಪಟ್ಟು ತೆಗೆದುಕೊಂಡವರಲ್ಲಿ ಈ ಸಂಕಟವು ಹೆಚ್ಚೆಂದು ಅವರೇ 1998ರಲ್ಲಿ ಎಚ್ಚರಿಸಿದರು. ಕೀಲುನೋವಿಗೆ ಅಂಗಡಿಯಿಂದ ತಾವಾಗಿ ಈ ಮಾತ್ರೆಗಳನ್ನು ಕೊಂಡು ನುಂಗುವ ಅಭ್ಯಾಸವು ನಮ್ಮಲ್ಲಿ ಇಲ್ಲದಿಲ್ಲ. ಆದದರಿಂದ ಈ ಸಾಲನ್ನು ಎರಡು ಸಾರಿ ಓದಿರಿ.

ಈ ಇಬ್ಬರೂ ಮೂವತ್ತು ವರ್ಷಗಳ ಮರಣಗಳನ್ನು ಕೂಡಿಸಿ ನೋಡಿ 2007ರಲ್ಲಿ ಮತ್ತೊಂದು ಲೆಕ್ಕ ಕೊಟ್ಟರು. ಈ ರೋಗದಿಂದ ಸತ್ತವರಲ್ಲಿ ಮೂತ್ರಪಿಂಡದ ಸಂಕಟದಿಂದ ಸತ್ತವರು ಮೊದಲು ನೂರಕ್ಕೆ 42 ಇದ್ದದ್ದು ಕಡೆಗೆ 6ಕ್ಕೆ ಇಳಿಯಿತು. ಆದರೆ ಶ್ವಾಸಕೋಶವು ನಾರುಗಟ್ಟಿ ಸತ್ತವರು 6ರಿಂದ 33ಕ್ಕೆ ಏರಿದರು. ಒಂದು ಬಾಗಿಲನ್ನು ಮುಚ್ಚಿದರೆ ಮರಣವು ಮತ್ತೊಂದನ್ನು ಹುಡುಕಿತು. ಅಂದಿನಿಂದ ಪರಿಶೋಧಕರ ಗಮನವು ಶ್ವಾಸಕೋಶದ ಕಡೆಗೆ ನೆಟ್ಟಿದೆ. ಸೈಕ್ಲೊಫಾಸ್ಫಮೈಡ್ ಎಂಬ ಉಗ್ರವಾದ ಔಷಧದಿಂದ ಅಲ್ಪಸ್ವಲ್ಪ ಪ್ರಯೋಜನವುಂಟೆಂದು 2006ರಲ್ಲಿಯೂ, ಮೈಕೊಫಿನೊಲೇಟ್ ಎಂಬದರಿಂದ ಅಷ್ಟೇ ಪ್ರಯೋಜನವು ಕಡಿಮೆ ಬಾಧೆಯೊಂದಿಗೆ ದೊರೆಯುವದೆಂದು 2016ರಲ್ಲಿಯೂ, ನಿಂಟೆಡನಿಬ್ ಎಂಬದು ನಾರುಗಟ್ಟುವ ವೇಗವನ್ನು ತಗ್ಗಿಸುವದೆಂದು 2019ರಲ್ಲಿಯೂ ತಿಳಿದುಬಂತು. ಇವು ರೋಗವನ್ನು ಬೇರುಸಹಿತ ಕೀಳುವಂಥವಲ್ಲ. ಗಟ್ಟಿಯಾದ ಶ್ವಾಸಕೋಶವನ್ನು ಮೆತ್ತಗೆ ಮಾಡುವದಕ್ಕಿಂತ ಮೆತ್ತಗಿರುವದನ್ನು ಕಾಯುವದು ಸುಲಭ. ಬೇಗನೆ ಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಒತ್ತಾಯಿಸುವದು ಇದಕ್ಕಾಗಿಯೇ. ಮಕ್ಕಳನ್ನು ಹೆರುವ ವಯಸ್ಸಿನವರು ಮಾತ್ರ ಒಂದನ್ನು ಮರೆಯಬಾರದು: ಮೈಕೊಫಿನೊಲೇಟ್ ಆಗಲಿ ಕ್ಯಾಪ್ಟೊಪ್ರಿಲ್ ಜಾತಿಯವಾಗಲಿ ಗರ್ಭದ ಶಿಶುವಿಗೆ ಹಾನಿಕರವಾದುದರಿಂದ, ಗರ್ಭಧಾರಣೆಗೆ ಮೊದಲೇ ವೈದ್ಯರೊಡನೆ ಮಾತಾಡಬೇಕು.

ಚಳಿಗೆ ಬೆರಳು ಬಿಳುಪಾಗುವ ಎಲ್ಲರಿಗೂ ಈ ರೋಗವಿಲ್ಲ. ಎಳೇ ವಯಸ್ಸಿನ ಅನೇಕ ಹುಡುಗಿಯರಿಗೆ ಅದು ಬರೇ ಒಂದು ಸ್ವಭಾವ. ಆದರೆ ವಯಸ್ಸು ಮೂವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದರೆ, ಬೆರಳು ಊದಿಕೊಂಡರೆ, ತುದಿಯಲ್ಲಿ ಹುಣ್ಣಾದರೆ, ಅನ್ನವು ಎದೆಯಲ್ಲಿ ನಿಂತಂತಾದರೆ, ಗುಡ್ಡೆ ಹತ್ತುವಾಗ ಹಿಂದೆ ಇಲ್ಲದ ಏದುಸಿರು ಬಂದರೆ, ತಡಮಾಡಬಾರದು. ಉಗುರಿನ ಬುಡದ ಸಣ್ಣ ರಕ್ತನಾಳಗಳನ್ನು ಭೂತಗನ್ನಡಿಯಂಥ ಯಂತ್ರದಿಂದ ನೋಡಿ, ರಕ್ತದಲ್ಲಿ ಕೆಲವು ಗುರುತುಗಳನ್ನು ಹುಡುಕಿ ರೋಗವನ್ನು ನಿಶ್ಚಯಿಸುತ್ತಾರೆ. ನಿಶ್ಚಯವಾದ ಮೇಲೆ ಮನೆಯಲ್ಲಿ ರಕ್ತದ ಒತ್ತಡವನ್ನು ಅಳೆಯುವದೂ, ವರುಷಕ್ಕೊಮ್ಮೆಯಾದರೂ ಶ್ವಾಸಕೋಶವನ್ನೂ ಹೃದಯವನ್ನೂ ಪರೀಕ್ಷೆಗೆ ಒಪ್ಪಿಸುವದೂ ಮುಖ್ಯ. ಕೈಗಳನ್ನು ಬೆಚ್ಚಗಿಡಬೇಕು. ಹೊಗೆಸೊಪ್ಪು ಕೂಡದು.

ನಾವು ಮೊದಲಲ್ಲಿ ಹೇಳಿದ ಸಹೋದರಿಯವರ ಶ್ವಾಸಕೋಶದಲ್ಲಿ ರೋಗವು ಆಗಲೇ ಅಡಿಯಿಟ್ಟಿತ್ತು. ಅವರು ಔಷಧ ಸೇವಿಸುತ್ತಾರೆ. ಮೆಟ್ಟಲು ಹತ್ತುವಾಗ ನಡುವೆ ನಿಲ್ಲುತ್ತಾರೆ. ಹಾರ್ಮೋನಿಯಮ್ಮನ್ನು ಅವರ ಶಿಷ್ಯೆ ಬಾರಿಸುತ್ತಾಳೆ. ಕಡೇ ಸಾಲನ್ನು ಬಿಟ್ಟು ಅವರು ಪುನಃ ಹಾಡುವವರ ನಡುವೆ ಕೂರುತ್ತಾರೆ. ಈ ಲೇಖನದಲ್ಲಿ ಒಂದು ಮಾತನ್ನು ಸೇರಿಸಬೇಕೆಂದು ಅವರು ಕೇಳಿಕೊಂಡರು: ದೇವಾಲಯದ ಬಾಗಿಲಲ್ಲಿ ತಮ್ಮ ಕೈ ಹಿಡಿಯುವವರು ಹಿಂಜರಿಯಬೇಕಾದ್ದಿಲ್ಲ, ಆದರೆ ಬಲವಾಗಿ ಅಮುಕಬಾರದು, ಬೆರಳ ತುದಿ ನೋಯುವದು.