ಗಿಟಾರು ಹಿಡಿದ ದೀಕ್ಷಿತರು

ಜಮಖಂಡಿ ತಾಲೂಕಿನ ನಮ್ಮ ತುಬಚಿಯಲ್ಲಿ ಭಜನೆಯೆಂದರೆ ಏಕತಾರಿ, ದಮ್ಮಡಿ, ತಾಳ, ಮೇಲೊಂದು ಪೇಟಿ. ಶಿಶುನಾಳ ಶರೀಫರ ತತ್ತ್ವಪದಗಳನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬಂದುದು ಈ ಮೇಳದಲ್ಲಿಯೇ. ಆದುದರಿಂದ ನಾಲ್ಕು ವರ್ಷಗಳ ಕೆಳಗೆ ನಮ್ಮ ಕಿರಿಯ ಮಗನು ಗಿಟಾರೊಂದನ್ನು ಹೆಗಲಿಗೇರಿಸಿಕೊಂಡು ಮನೆ ಹೊಕ್ಕಾಗ ನಮಗೆ ಸಿಟ್ಟು ಬಂದಿತೆಂಬುದನ್ನು ವಾಚಕರಿಂದ ಮರೆಮಾಡುವದಿಲ್ಲ. ಬಿ.ಎಸ್‌ಸಿ. ಓದುವ ಹುಡುಗ, ಅದನ್ನು ಬಿಟ್ಟು ರಾಕ್ ಸಂಗೀತವನ್ನೇ ವೃತ್ತಿಯಾಗಿ ಹಿಡಿಯುವೆನೆಂದು ಅವನ ಹಟ. "ಯಾರ ಹಂಗ ಆಗಾಂವ ನೀ?" ಎಂದು ಕೇಳಿದೆವು. ಅವನು ಮರುಮಾತಾಡದೆ ತನ್ನ ಮೊಬೈಲಿನಲ್ಲಿ ಒಂದು ಹಾಡು ಹಚ್ಚಿದನು. ಗಿಟಾರಿನ ಝೇಂಕಾರದ ನಡುವೆ ಕೇಳಿಬಂದುದು ‘ಗುಡುಗುಡಿಯ ಸೇದಿ ನೋಡೋ’!

"ಶರೀಫಜ್ಜನ ಪದಾನ ಅಲ್ಲೇನ್ರೀ ಅಪ್ಪಾ?" ಎಂದನು.

ಹಾಡಿದವರು ಮೈಸೂರಿನ ರಘು ದೀಕ್ಷಿತರು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಈ ದೀಕ್ಷಿತರು ಯಾರೆಂದು ವಿಚಾರಿಸತೊಡಗಿದೆವು.

ರಾಕ್ ಎಂಬ ಸಂಗೀತವು 1950ರ ದಶಕದಲ್ಲಿ ಅಮೇರಿಕೆಯಲ್ಲಿ ಹುಟ್ಟಿತು. ಅಲ್ಲಿಯ ನೀಗ್ರೋ ಜನರು ತಮ್ಮ ದುಃಖವನ್ನು ತೋಡಿಕೊಂಡ ಬ್ಲೂಸ್ ಹಾಡುಗಳೂ ಹಳ್ಳಿಗರ ಪದಗಳೂ ಕೂಡಿ ಅದರ ಮೂಲವಾದವು. ವಿದ್ಯುತ್ತಿನಿಂದ ನಾದವನ್ನು ಹಿಗ್ಗಿಸುವ ಆರು ತಂತಿಯ ಗಿಟಾರು ಅದರ ಜೀವಾಳ. ಒಟ್ಟಿನಲ್ಲಿ ಅದು ಅರಮನೆಯ ಸಂಗೀತವಲ್ಲ, ಜನಸಾಮಾನ್ಯರದು.

ರಘು ದೀಕ್ಷಿತರು ಹುಟ್ಟಿದುದು 1974ರ ನವೆಂಬರ 11ರಂದು, ನಾಸಿಕದಲ್ಲಿ, ಬೆಳೆದುದು ಮೈಸೂರಿನಲ್ಲಿ. ಚಿಕ್ಕಂದಿನಲ್ಲಿ ಅವರು ಅಭ್ಯಸಿಸಿದ ಕಲೆ ಭರತನಾಟ್ಯ. ಗಿಟಾರಿನ ಗಂಧವೂ ಇರಲಿಲ್ಲ. ಕಾಲೇಜಿನಲ್ಲಿ ಗಿಟಾರು ಬಾರಿಸುವ ಸಹಪಾಠಿಯೊಡನೆ ಮಾತಿಗೆ ಮಾತು ಬೆಳೆದು, ತಾನೂ ಅದನ್ನು ಕಲಿತು ತೋರಿಸುವೆನೆಂದು ಪಂಥ ಕಟ್ಟಿದರು. ಪಂಥ ಮುಗಿದರೂ ವಾದ್ಯ ಕೈಬಿಡಲಿಲ್ಲ. ಆದರೆ ಓದೂ ಬಿಡಲಿಲ್ಲವೆಂಬುದನ್ನು ತಂದೆತಾಯಿಗಳು ಗಮನಿಸಬೇಕು: ಮೈಸೂರು ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್‌ಸಿ., ಅದರಲ್ಲಿಯೂ ಸುವರ್ಣಪದಕ! ಬೆಲ್ಜಿಯಂ ದೇಶದಲ್ಲಿ ಔಷಧಿಯ ಕಂಪನಿಯೊಂದರಲ್ಲಿ ಕೆಲಸವನ್ನೂ ಮಾಡಿದರು. ಅದನ್ನು ಬಿಟ್ಟು ಬೆಂಗಳೂರಿಗೆ ಮರಳಿದುದು ಹಾಡಿಗಾಗಿ.

ಅವರ ಮೊದಲ ಮೇಳದ ಹೆಸರು ‘ಅಂತರಾಗ್ನಿ’. ‘ಅಂತರಗ್ನಿ’ ಎಂದಾಗಬೇಕಿತ್ತೆಂದು ನಮ್ಮ ಕೈ ಹಳೆಯ ರೂಢಿಯಂತೆ ಕೆಂಪು ಮಸಿಯ ಕಡೆಗೆ ಹೋಯಿತು. ಅನಂತರ ‘ಅಂತರ’ ಎಂಬ ಅಕಾರಾಂತ ಶಬ್ದದಿಂದ ಸವರ್ಣದೀರ್ಘಸಂಧಿಯಾದರೆ ರೂಪವು ಸಾಧುವೇ ಎಂದು ಹೊಳೆದು ಸುಮ್ಮನಾದೆವು. ಆ ಮೇಳವು ಕೆಲವರ್ಷ ನಡೆದು ಒಡೆದುಹೋಯಿತು. ಧ್ವನಿಮುದ್ರಿಕೆಯ ಕಂಪನಿಗಳು ಬಹುಕಾಲ ಒಲ್ಲೆವೆಂದವು. ಕೊನೆಗೆ ವಿಶಾಲ್–ಶೇಖರ್ ಎಂಬ ಮುಂಬಯಿಯ ಜೋಡಿ ಸಂಗೀತಗಾರರು 2008ರಲ್ಲಿ ಅವರ ಮೊದಲ ಹಾಡಿನ ಸಂಪುಟವನ್ನು ಹೊರತಂದರು. ಆಗ ವಯಸ್ಸು ಮೂವತ್ತು ದಾಟಿತ್ತು. ಪಂಥಕ್ಕೂ ಈ ಸಂಪುಟಕ್ಕೂ ನಡುವಣ ವರ್ಷಗಳನ್ನು ನಮ್ಮ ಮಗನ ಕೈಯಿಂದಲೇ ಲೆಕ್ಕ ಮಾಡಿಸಿದೆವು.

ಮುಂದಿನದು ಬಹುಮಂದಿಗೆ ತಿಳಿದುದೇ. ಅದೇ ವರ್ಷ ‘ಸೈಕೋ’ ಎಂಬ ಕನ್ನಡ ಚಿತ್ರಕ್ಕೆ ಸಂಗೀತ. 2010ರಲ್ಲಿ ‘ಜಸ್ಟ್ ಮಾತ್ ಮಾತಲ್ಲಿ’. ಅದೇ ವರ್ಷ ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದ ಜೂಲ್ಸ್ ಹಾಲೆಂಡರ ಕಾರ್ಯಕ್ರಮ; 2011ರಲ್ಲಿ ಅಲ್ಲಿಯ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ; 2013ರಲ್ಲಿ ‘ಜಗ್ ಚಂಗಾ’ ಸಂಪುಟ. ಕೆಲವು ಹಾಡುಗಳನ್ನು ತಾವೇ ಕಟ್ಟಿ, ಕೆಲವನ್ನು ಮಿತ್ರರಿಂದ ಬರೆಯಿಸಿ, ಕನ್ನಡ, ಹಿಂದಿ, ಇಂಗ್ಲಿಷು ಮೂರರಲ್ಲಿಯೂ ಹಾಡುವರು. ಪರದೇಶದ ರಂಗಸ್ಥಳದ ಮೇಲೂ ಬಣ್ಣದ ಪಂಚೆ, ಕಾಲಿಗೆ ಗೆಜ್ಜೆ. ಗೆಜ್ಜೆಯನ್ನು ಕಂಡಾಗ ಭರತನಾಟ್ಯದ ಪಾಠ ವ್ಯರ್ಥವಾಗಿಲ್ಲವೆಂದುಕೊಂಡೆವು.

ವಾದ್ಯವು ಪರದೇಶದ್ದೆಂಬ ನಮ್ಮ ಆಕ್ಷೇಪಕ್ಕೆ ಬಲವಿಲ್ಲ. ಪಿಟೀಲು ಯುರೋಪಿನದು; ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು. ನಮ್ಮ ಭಜನೆಯ ಪೇಟಿಯೂ ಆ ಖಂಡದಿಂದಲೇ ಬಂದುದು. ಶರೀಫರಾದರೂ ಎಲ್ಲಿಯೋ ಗಡಿ ಹಾಕಿಕೊಂಡವರಲ್ಲ. 1819ರಲ್ಲಿ ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕೆಲಕಾಲ ನಮ್ಮಂತೆ ಶಾಲೆಯ ಮಾಸ್ತರಿಕೆ ಮಾಡಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಮಹಾತ್ಮರು.

ಆದರೂ ಒಂದು ಮಾತಿನಲ್ಲಿ ನಾವು ಸೋತಿಲ್ಲ. ತತ್ತ್ವಪದದ ಗುಡುಗುಡಿಯು ತಂಬಾಕಿನದಲ್ಲ. ಒಂದೊಂದು ಸಾಲಿಗೆ ನಿಂತು ಒಳಗಿನ ಅರ್ಥವನ್ನು ಹುಡುಕಬೇಕು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಸಿ. ಅಶ್ವತ್ಥರು ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದಾಗ ಶಬ್ದವು ಮುಂದೆ, ವಾದ್ಯವು ಹಿಂದೆ ಇತ್ತು. ದೀಕ್ಷಿತರ ಮೇಳದಲ್ಲಿ ಡೋಲುಗಳ ಆರ್ಭಟ ಏರಿದಾಗ ಜನರು ಕುಣಿಯುವರು, ಪದವನ್ನು ಕೇಳುವವರೆಷ್ಟು? ಅವರೊಬ್ಬರೇ ಗಿಟಾರು ಹಿಡಿದು ಹಾಡಿದಲ್ಲಿ ಮಾತ್ರ ಪ್ರತಿಯೊಂದು ಅಕ್ಷರವೂ ಸ್ಪಷ್ಟ.

ನಮ್ಮ ಮಗನು ಬಿ.ಎಸ್‌ಸಿ. ಮುಗಿಸಿದನು, ಈಗ ಹಗಲು ಸಕ್ಕರೆ ಕಾರಖಾನೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ, ರಾತ್ರಿ ಗಿಟಾರು. ಕಳೆದ ಶ್ರಾವಣದಲ್ಲಿ ಹಿರಿಯರು ಅವನನ್ನು ಭಜನೆಗೆ ಕೂಡಿಸಿಕೊಂಡರು. ಪೇಟಿಗೆ ಶ್ರುತಿ ಹೊಂದಿಸುವಷ್ಟರಲ್ಲಿ ಅರ್ಧ ತಾಸಾಯಿತು, ಒಂದು ತಂತಿಯೂ ಹರಿಯಿತು. ಪದ ಮೊದಲಾದ ಮೇಲೆ ದಮ್ಮಡಿಯ ಮುದುಕರು ಅವನ ಮೊಣಕಾಲು ತಟ್ಟಿ, "ಸಣ್ಣಗ ಬಾರಸೋ ತಮ್ಮಾ, ಅಜ್ಜನ ಮಾತು ಕೇಳಲಿ" ಎಂದರು.